ಒಂದು ನೋಟ್‌ಬುಕ್, ಹನ್ನೆರಡು ತಿಂಗಳು: ಐರ್ಲೆಂಡಿನ ಕಂಪನಿ ತೆರಿಗೆಯ ಲೆಕ್ಕ ಓದುವುದು ಹೇಗೆ

2023ರ ಸೆಪ್ಟೆಂಬರ್ ಮೊದಲ ವಾರ. ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ, ನಮ್ಮ ಅಡುಗೆಮನೆಯಲ್ಲಿ ಕೂತು, ನಾನು ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದೆ. "ಕಂಪನಿಗಳ ತೆರಿಗೆ ಬಿದ್ದಿದೆ. ದೊಡ್ಡ ಕಂಪನಿಗಳು ಇಲ್ಲಿಂದ ಕಾಲು ಕೀಳ್ತಿವೆ ಅಂತ ಕಾಣುತ್ತೆ. ಮನೆ ಕೊಳ್ಳೋರು ಸ್ವಲ್ಪ ತಡೀರಿ." ಆಗಸ್ಟ್ ತಿಂಗಳ ಸರ್ಕಾರಿ ಲೆಕ್ಕ ಆಗಷ್ಟೇ ಬಂದಿತ್ತು. ಹಿಂದಿನ ವರ್ಷದ ಆಗಸ್ಟ್‌ಗೆ ಹೋಲಿಸಿದರೆ ಕಾರ್ಪೊರೇಷನ್ ಟ್ಯಾಕ್ಸ್, ಅಂದರೆ ಕಂಪನಿಗಳ ಲಾಭದ ಮೇಲಿನ ತೆರಿಗೆ, ಇಳಿದಿತ್ತು. ನನ್ನ ಗಂಡನ ಆಫೀಸಿನಲ್ಲಿ ಆ ವರ್ಷವೇ ಜನರನ್ನು ಕೆಲಸದಿಂದ ತೆಗೆದಿದ್ದರು. ಭಯ ಮೊದಲೇ ಮನಸ್ಸಿನಲ್ಲಿತ್ತು. ಅಂಕಿ ಅದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು.

ಗುಂಪಿನಲ್ಲಿ ಹಾಸನ ಕಡೆಯ ಒಂದು ದಂಪತಿ ಇದ್ದರು. ಆ ವಾರ ಅವರು ಒಂದು ಮನೆಗೆ ಮುಂಗಡ ಕಟ್ಟಬೇಕಿತ್ತು. ನನ್ನ ಮಾತು ಕೇಳಿ ಕಟ್ಟಲಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು, ಗೊತ್ತಿದ್ದೇ ಹೇಳಿರುತ್ತಾಳೆ ಅಂದುಕೊಂಡರು. ಸೆಪ್ಟೆಂಬರ್, ಅಕ್ಟೋಬರ್ ಕೂಡ ಇಳಿಕೆಯೇ. ಆಮೇಲೆ ನವೆಂಬರ್ ಬಂತು. ಅದೊಂದೇ ತಿಂಗಳು 6 ಬಿಲಿಯನ್ ಯೂರೊಗಿಂತ ಜಾಸ್ತಿ ತೆರಿಗೆ. ವರ್ಷ ಮುಗಿದಾಗ ಒಟ್ಟು 23.8 ಬಿಲಿಯನ್. ಹಿಂದಿನ ವರ್ಷ ಇದ್ದದ್ದು 22.6 ಬಿಲಿಯನ್. ಅಂದರೆ ತೆರಿಗೆ ಏರಿತ್ತು. ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಗಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನಾನು ಈ ಲೆಕ್ಕ ಓದುವುದನ್ನು ಕುಳಿತು ಕಲಿತೆ. ನಾನು ತಿಪಟೂರಿನವಳು. ಡಬ್ಲಿನ್‌ನಲ್ಲಿ ಒಂದು ಚಿಕ್ಕ ಐರಿಶ್ ವ್ಯಾಪಾರಿ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಈ ಲೆಕ್ಕ ಓದಲು ಅದು ಬೇಕಾಗಿಲ್ಲ. ಒಂದು ನೋಟ್‌ಬುಕ್, ತಿಂಗಳಿಗೆ ಹದಿನೈದು ನಿಮಿಷ, ಮತ್ತು ಒಂದೆರಡು ಕಳೆಯುವ ಲೆಕ್ಕ ಸಾಕು. ಐರ್ಲೆಂಡಿನಲ್ಲಿ ಇರುವವರಿಗೆ, ಇಲ್ಲಿಗೆ ಬರಬೇಕು ಅಂದುಕೊಂಡವರಿಗೆ, ಮಕ್ಕಳು ಇಲ್ಲಿದ್ದಾರೆ ಅಂತ ಊರಲ್ಲಿ ಕೂತು ಪೇಪರ್ ಓದುವ ಅಪ್ಪ ಅಮ್ಮಂದಿರಿಗೆ, ಎಲ್ಲರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಯಾವ ಕಾಗದ ತೆಗೆಯಬೇಕು

ಇಲ್ಲಿನ ಅರ್ಥ ಇಲಾಖೆ ಪ್ರತಿ ತಿಂಗಳ ಮೊದಲ ದಿನಗಳಲ್ಲಿ ಫಿಸ್ಕಲ್ ಮಾನಿಟರ್ ಅನ್ನುವ ಲೆಕ್ಕ ಹೊರಗೆ ಬಿಡುತ್ತದೆ. ಅದು ಹಿಂದಿನ ತಿಂಗಳ ಕೊನೆಯವರೆಗಿನ ಲೆಕ್ಕ. ಇಲಾಖೆಯ ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಪೇಪರಿನ ತಲೆಬರಹ ನೋಡಬೇಡಿ, ಇದನ್ನೇ ತೆಗೆಯಿರಿ. ಅದರಲ್ಲಿ ತೆರಿಗೆಗಳ ಪಟ್ಟಿ ಇರುತ್ತದೆ: ಇನ್‌ಕಂ ಟ್ಯಾಕ್ಸ್, ವ್ಯಾಟ್, ಕಾರ್ಪೊರೇಷನ್ ಟ್ಯಾಕ್ಸ್, ಎಕ್ಸೈಸ್, ಸ್ಟಾಂಪ್ ಡ್ಯೂಟಿ.

ಅಂಕಿ ಎರಡು ಥರ ಇರುತ್ತದೆ. ಒಂದು ಆ ತಿಂಗಳದ್ದು ಮಾತ್ರ. ಇನ್ನೊಂದು ಜನವರಿಯಿಂದ ಅಲ್ಲಿಯವರೆಗೆ ಸೇರಿದ್ದು. ಎರಡನ್ನೂ ಬರೆದುಕೊಳ್ಳಿ, ಬೇರೆ ಬೇರೆ ಕಾಲಂನಲ್ಲಿ. ಎಷ್ಟೋ ಜನ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ಗಾಬರಿಯಾಗುತ್ತಾರೆ. ಮೊತ್ತ ಮಿಲಿಯನ್‌ನಲ್ಲಿ ಬರೆದಿರುತ್ತಾರೆ. 1 ಮಿಲಿಯನ್ ಅಂದರೆ 10 ಲಕ್ಷ, 1 ಬಿಲಿಯನ್ ಅಂದರೆ 100 ಕೋಟಿ. ಇದು ಗೊತ್ತಿರುವ ವಿಷಯವೇ. ಆದರೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ರಾತ್ರಿ ಹನ್ನೊಂದು ಗಂಟೆಗೆ ಓದುವಾಗ ಕೈ ತಪ್ಪುತ್ತದೆ.

ತಿಂಗಳುಗಳ ಗುಟ್ಟು

ನಾನು ಎಡವಿದ್ದು ಇಲ್ಲೇ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಸಂಬಳದ ತೆರಿಗೆ ಪ್ರತಿ ತಿಂಗಳು ಹೋಗುತ್ತದೆ. ಅದು ನಲ್ಲಿ ನೀರಿನ ಹಾಗೆ ಒಂದೇ ಸಮನೆ ಬರುತ್ತಿರುತ್ತದೆ. ಕಂಪನಿ ತೆರಿಗೆ ಹಾಗಲ್ಲ. ಐರ್ಲೆಂಡಿನಲ್ಲಿ ದೊಡ್ಡ ಕಂಪನಿ, ಅಂದರೆ ಹಿಂದಿನ ವರ್ಷ 2 ಲಕ್ಷ ಯೂರೊಗಿಂತ ಜಾಸ್ತಿ ತೆರಿಗೆ ಬಂದ ಕಂಪನಿ, ವರ್ಷದ ಲಾಭಕ್ಕೆ ಮುಂಚಿತವಾಗಿ ಎರಡು ಕಂತು ಕಟ್ಟಬೇಕು. ಮೊದಲ ಕಂತು ಅದರ ಲೆಕ್ಕದ ವರ್ಷದ 6ನೇ ತಿಂಗಳು. ಆ ವರ್ಷದ ಅಂದಾಜು ತೆರಿಗೆಯಲ್ಲಿ ಶೇ. 45 ಅಥವಾ ಹಿಂದಿನ ವರ್ಷದ ತೆರಿಗೆಯಲ್ಲಿ ಶೇ. 50. ಎರಡನೆಯದು 11ನೇ ತಿಂಗಳು. ಅಷ್ಟು ಹೊತ್ತಿಗೆ ಒಟ್ಟು ಶೇ. 90 ಸೇರಿರಬೇಕು. ಉಳಿದದ್ದನ್ನು ವರ್ಷ ಮುಗಿದು ಒಂಬತ್ತನೇ ತಿಂಗಳಲ್ಲಿ ರಿಟರ್ನ್ ಜೊತೆ ಕಟ್ಟಬೇಕು. ಆನ್‌ಲೈನ್ ಕಟ್ಟುವವರಿಗೆ ಎಲ್ಲದಕ್ಕೂ ಆ ತಿಂಗಳ 23ನೇ ತಾರೀಖು ಗಡುವು.

ಈಗ ಲೆಕ್ಕ ಹಾಕಿ. ಜನವರಿಯಿಂದ ಡಿಸೆಂಬರ್ ಲೆಕ್ಕ ಇಡುವ ಕಂಪನಿಗೆ ದೊಡ್ಡ ತಿಂಗಳು ಜೂನ್ ಮತ್ತು ನವೆಂಬರ್, ಬಾಕಿ ಬರುವುದು ಮುಂದಿನ ಸೆಪ್ಟೆಂಬರ್. ಆದರೆ ಎಲ್ಲ ಕಂಪನಿಯ ವರ್ಷವೂ ಡಿಸೆಂಬರ್‌ಗೆ ಮುಗಿಯುವುದಿಲ್ಲ. ಆಪಲ್‌ನ ಹಣಕಾಸು ವರ್ಷ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಮೈಕ್ರೋಸಾಫ್ಟ್‌ನದು ಜೂನ್ 30ಕ್ಕೆ. ಅದೇ ಸೂತ್ರ ಹಾಕಿದರೆ ಸೆಪ್ಟೆಂಬರ್ ವರ್ಷದವರ ತಿಂಗಳು ಮಾರ್ಚ್ ಮತ್ತು ಆಗಸ್ಟ್, ಜೂನ್ ವರ್ಷದವರದು ಡಿಸೆಂಬರ್ ಮತ್ತು ಮೇ.

ಹಾಗಾಗಿ ಆಗಸ್ಟ್‌ನ ಅಂಕಿ ಇಡೀ ದೇಶದ ಕಂಪನಿಗಳ ಕಥೆ ಹೇಳುವುದಿಲ್ಲ. ಆ ತಿಂಗಳು ಕಟ್ಟುವ ಕೆಲವೇ ಕಂಪನಿಗಳ ಕಥೆ ಅಷ್ಟೇ. ಅವುಗಳಲ್ಲಿ ಒಂದು ಈ ವರ್ಷ ಸ್ವಲ್ಪ ಕಡಿಮೆ ಕಟ್ಟಿದರೂ, ಕಟ್ಟುವ ತಿಂಗಳು ಆಚೆ ಈಚೆ ಆದರೂ, ಇಡೀ ದೇಶದ ಅಂಕಿ ಕುಸಿದ ಹಾಗೆ ಕಾಣುತ್ತದೆ.

ಈಗ ನಾನು ಮಾಡುವುದು ಇಷ್ಟು. ಒಂದು ತಿಂಗಳನ್ನು ಅದರ ಹಿಂದಿನ ತಿಂಗಳ ಜೊತೆ ಯಾವತ್ತೂ ಹೋಲಿಸುವುದಿಲ್ಲ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸುತ್ತೇನೆ. ಹಾಗೆ ಹೋಲಿಸಿದಾಗ ಬಂದ ಉತ್ತರವನ್ನೂ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಜೂನ್ ಲೆಕ್ಕ ಬಂದಮೇಲೆ ಒಂದು ಅಂದಾಜು ಸಿಗುತ್ತದೆ. ನವೆಂಬರ್ ಲೆಕ್ಕ ಬಂದಮೇಲೆ ಮಾತ್ರ ಪೆನ್ನು ತೆಗೆಯುತ್ತೇನೆ. ವರ್ಷದ ಅತಿ ದೊಡ್ಡ ತಿಂಗಳು ಅದೇ. ನವೆಂಬರ್ ನೋಡುವ ಮೊದಲು ಯಾರಾದರೂ "ಏರಿತು", "ಬಿತ್ತು" ಅಂದರೆ ಕೇಳಿಸಿಕೊಳ್ಳಿ, ನಂಬಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ನನಗೆ ಇದನ್ನು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಹತ್ತು ವರ್ಷದ ಗೆರೆ ಎಳೆಯಿರಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ವರ್ಷದ ಮೊತ್ತಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. 2014ರಲ್ಲಿ 4.6 ಬಿಲಿಯನ್ ಯೂರೊ. 2015ರಲ್ಲಿ 6.9. 2018ರಲ್ಲಿ 10.4. 2021ರಲ್ಲಿ 15.3. 2022ರಲ್ಲಿ 22.6. ಆ ವರ್ಷ ಕಂಪನಿ ತೆರಿಗೆ ವ್ಯಾಟ್ ಅನ್ನೂ ದಾಟಿತು. ಅಂದರೆ ಇಡೀ ದೇಶ ಅಂಗಡಿಯಲ್ಲಿ ಕೊಟ್ಟ ತೆರಿಗೆಗಿಂತ ಕಂಪನಿಗಳ ಲಾಭದ ತೆರಿಗೆ ದೊಡ್ಡದಾಯಿತು.

ಇದು ಎಷ್ಟು ದೊಡ್ಡದು ಅಂತ ನನಗೆ ಅರ್ಥವಾದದ್ದು ಊರಿನ ಜೊತೆ ಹೋಲಿಸಿದಾಗ. ಐರ್ಲೆಂಡಿನ ಜನಸಂಖ್ಯೆ ಸುಮಾರು 53 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. 2023ರ ಕಂಪನಿ ತೆರಿಗೆಯನ್ನು ತಲೆಗೆ ಹಂಚಿದರೆ ಒಬ್ಬರಿಗೆ ಸುಮಾರು 4,500 ಯೂರೊ, ನಮ್ಮ ರೂಪಾಯಿಯಲ್ಲಿ 4 ಲಕ್ಷ. ಭಾರತದಲ್ಲಿ 2023-24ರಲ್ಲಿ ಬಂದ ಕಾರ್ಪೊರೇಷನ್ ಟ್ಯಾಕ್ಸ್ ಸುಮಾರು 9.1 ಲಕ್ಷ ಕೋಟಿ ರೂಪಾಯಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ 6,500 ರೂಪಾಯಿ.

ಇಷ್ಟು ಚಿಕ್ಕ ದೇಶದಲ್ಲಿ ಇಷ್ಟು ಲಾಭ ಹೇಗೆ ಹುಟ್ಟುತ್ತದೆ? ಪೂರ್ತಿ ಇಲ್ಲೇ ಹುಟ್ಟುವುದಿಲ್ಲ. ಕಾರ್ಖಾನೆಗಳು ನಿಜ. ಆಪಲ್ 1980ರಿಂದ ಕಾರ್ಕ್‌ನಲ್ಲಿದೆ, ಇಂಟೆಲ್ 1989ರಿಂದ ಲೀಕ್ಸ್‌ಲಿಪ್‌ನಲ್ಲಿದೆ. ನಮ್ಮ ಮನೆಯಿಂದ ಇಂಟೆಲ್ ಹತ್ತು ನಿಮಿಷದ ದಾರಿ. ವಿದೇಶಿ ಕಂಪನಿಗಳನ್ನು ಕರೆತರುವ ಸರ್ಕಾರಿ ಸಂಸ್ಥೆ ಐಡಿಎ, ಅದು ತಂದ ಕಂಪನಿಗಳಲ್ಲಿ ಸುಮಾರು 3 ಲಕ್ಷ ಜನ ಕೆಲಸ ಮಾಡುತ್ತಾರೆ. ಆದರೆ 2015ರ ಏರಿಕೆಗೆ ದೊಡ್ಡ ಕಾರಣ ಬೇರೆ. ಕೆಲವು ಕಂಪನಿಗಳು ತಮ್ಮ ಪೇಟೆಂಟ್, ಸಾಫ್ಟ್‌ವೇರ್ ಹಕ್ಕುಗಳನ್ನು ಐರ್ಲೆಂಡಿಗೆ ತಂದವು. ಹಕ್ಕು ಎಲ್ಲಿದೆಯೋ ಲಾಭ ಅಲ್ಲಿ. ಅದೇ ವರ್ಷ ಸರ್ಕಾರ ಅಂದಾಜು ಮಾಡಿದ್ದಕ್ಕಿಂತ 2 ಬಿಲಿಯನ್‌ಗೂ ಜಾಸ್ತಿ ತೆರಿಗೆ ಬಂತು. ಜಿಡಿಪಿ ಶೇ. 26 ಏರಿತು ಅಂತ ಮುಂದಿನ ಜುಲೈನಲ್ಲಿ ಪ್ರಕಟವಾಯಿತು. ಯಾವ ದೇಶವೂ ಒಂದು ವರ್ಷದಲ್ಲಿ ಹಾಗೆ ನಿಜವಾಗಿ ಬೆಳೆಯುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಅದನ್ನು ಲೆಪ್ರಕಾನ್ ಅರ್ಥಶಾಸ್ತ್ರ ಅಂತ ಕರೆದರು. ಲೆಪ್ರಕಾನ್ ಅಂದರೆ ಐರಿಶ್ ಜನಪದ ಕಥೆಗಳಲ್ಲಿ ಚಿನ್ನದ ಕೊಡ ಬಚ್ಚಿಡುವ ಕುಳ್ಳ ಮಾಂತ್ರಿಕ.

ತೆರಿಗೆ ದರವೂ ಕಾರಣ. 2003ರಿಂದ ವ್ಯಾಪಾರದ ಲಾಭಕ್ಕೆ ಶೇ. 12.5. ಅದರ ಜೊತೆಗೆ ಡಬಲ್ ಐರಿಶ್ ಅನ್ನುವ ಏರ್ಪಾಟೂ ಇತ್ತು. ಅದರಲ್ಲಿ ಲಾಭ ಇಲ್ಲಿಂದಲೂ ಜಾರಿ ತೆರಿಗೆಯೇ ಇಲ್ಲದ ದ್ವೀಪಗಳಿಗೆ ಹೋಗುತ್ತಿತ್ತು. 2015ರ ಜನವರಿಯಿಂದ ಹೊಸಬರಿಗೆ ಅದು ಮುಚ್ಚಿತು, ಹಳಬರಿಗೆ 2020ರ ಕೊನೆಗೆ. ದ್ವೀಪದ ದಾರಿ ಮುಚ್ಚಿದ ಮೇಲೆ ಎಷ್ಟೋ ಲಾಭ ಐರ್ಲೆಂಡಿನಲ್ಲೇ ನಿಂತಿತು.

ಇಲ್ಲಿ ನನ್ನ ತಮ್ಮನ ಮಾತು ಬರುತ್ತದೆ. ಅವನು ಬೆಂಗಳೂರಿನ ಬೆಳ್ಳಂದೂರಿನಲ್ಲಿ ಒಂದು ಎಂಎನ್‌ಸಿಯ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿದ್ದಾನೆ. ಅವನ ತಂಡ ಬರೆದ ಸಾಫ್ಟ್‌ವೇರ್ ಯುರೋಪಿನಲ್ಲಿ ಮಾರಾಟವಾಗುತ್ತದೆ. ಬಿಲ್ ಹೋಗುವುದು ಡಬ್ಲಿನ್ ಕಂಪನಿಯಿಂದ. ಬೆಂಗಳೂರಿನ ಕಂಪನಿಗೆ ಸಿಗುವುದು ಖರ್ಚು ಮತ್ತು ಅದರ ಮೇಲೆ ಒಂದಿಷ್ಟು ಮಾರ್ಜಿನ್. ಭಾರತದಲ್ಲಿ ತೆರಿಗೆ ಬೀಳುವುದು ಆ ಮಾರ್ಜಿನ್ ಮೇಲೆ ಮಾತ್ರ. ದೊಡ್ಡ ಲಾಭ ಹಕ್ಕು ಇರುವ ಕಡೆ ಸೇರುತ್ತದೆ. ಇದು ಕಾನೂನಿನ ಒಳಗೇ ನಡೆಯುವ ಕೆಲಸ. ಆದರೂ ನನಗೆ ಇದು ಪೂರ್ತಿ ಸರಿ ಅನ್ನಿಸುವುದಿಲ್ಲ. ನನ್ನ ಮಗಳ ಶಾಲೆ ನಡೆಯುವುದರಲ್ಲಿ ಆ ತೆರಿಗೆಯ ಪಾಲೂ ಇದೆ, ಅದನ್ನೂ ಮರೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಸುಳ್ಳಾಗುತ್ತದೆ. ಅದಕ್ಕೆ ಬರೆದೆ.

ಎಷ್ಟು ಜನ ಕಟ್ಟುತ್ತಿದ್ದಾರೆ

ವರ್ಷಕ್ಕೊಮ್ಮೆ ರೆವಿನ್ಯೂ, ಅಂದರೆ ಇಲ್ಲಿನ ತೆರಿಗೆ ಇಲಾಖೆ, ಕಾರ್ಪೊರೇಷನ್ ಟ್ಯಾಕ್ಸ್ ಬಗ್ಗೆ ಒಂದು ವರದಿ ಕೊಡುತ್ತದೆ. ಅದರಲ್ಲಿ ಎರಡು ಅಂಕಿ ಹುಡುಕಿ. ಒಂದು, ವಿದೇಶಿ ಮಾಲೀಕತ್ವದ ಕಂಪನಿಗಳ ಪಾಲು. ಅದು ಶೇ. 80ಕ್ಕಿಂತ ಜಾಸ್ತಿ ಇರುತ್ತದೆ. ಇನ್ನೊಂದು, ಅತಿ ಜಾಸ್ತಿ ಕಟ್ಟುವ ಹತ್ತು ಕಂಪನಿ ಗುಂಪುಗಳ ಪಾಲು. 2023ರಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ರೆವಿನ್ಯೂ ಯಾರ ಹೆಸರೂ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಆದರೆ 2011ರಲ್ಲಿ ಶುರುವಾದ ಫಿಸ್ಕಲ್ ಅಡ್ವೈಸರಿ ಕೌನ್ಸಿಲ್ ಅನ್ನುವ ಸ್ವತಂತ್ರ ಸಂಸ್ಥೆ ಇನ್ನೂ ಆಳಕ್ಕೆ ಹೋಗಿ, ಮೂರೇ ಮೂರು ಕಂಪನಿಗಳ ಮೇಲೆ ಎಷ್ಟು ಭಾರ ನಿಂತಿದೆ ಅಂತ ಲೆಕ್ಕ ಹಾಕಿದೆ. 2017ರಿಂದ 2021ರವರೆಗೆ ಸುಮಾರು ಮೂರನೇ ಒಂದು ಭಾಗ ಆ ಮೂರರಿಂದ ಬಂತು.

ಈ ಎರಡು ಅಂಕಿಯನ್ನು ಪ್ರತಿ ವರ್ಷದ ಸಾಲಿನ ಪಕ್ಕದಲ್ಲೇ ಬರೆಯಿರಿ. ಮೊತ್ತ ಏರಿದಾಗ ಖುಷಿ ಪಡುವ ಮೊದಲು ಕಣ್ಣು ಪಕ್ಕಕ್ಕೆ ಹೋಗಬೇಕು. ನ್ಯೂಯಾರ್ಕ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಒಂದು ಕಂಪನಿಯ ಆಡಳಿತ ಮಂಡಳಿ ಹಕ್ಕುಗಳನ್ನು ಬೇರೆ ದೇಶಕ್ಕೆ ಸಾಗಿಸಲು ತೀರ್ಮಾನಿಸಿದರೆ, ಒಂದೇ ಒಂದು ಪೇಟೆಂಟ್ ಅವಧಿ ಮುಗಿದರೆ, ಇಲ್ಲಿನ ಬಜೆಟ್ಟಿನಲ್ಲಿ ದೊಡ್ಡ ತೂತು ಬೀಳುತ್ತದೆ. ಆ ತೀರ್ಮಾನಕ್ಕೆ ಮಂತ್ರಿಯ ಸಹಿ ಬೇಕಾಗಿಲ್ಲ.

ಒಂದು ಸಲದ ದುಡ್ಡನ್ನು ಬೇರೆ ಇಡಿ

2024ರ ಮೊತ್ತ ನೋಡಿದರೆ ಕಣ್ಣು ಕುಕ್ಕುತ್ತದೆ: 39.1 ಬಿಲಿಯನ್. ಅದನ್ನು ಹಾಗೇ ಬರೆದುಕೊಂಡರೆ ಗೆರೆ ಆಕಾಶಕ್ಕೆ ಹೋಗುತ್ತದೆ. ಅದರಲ್ಲಿ ಸುಮಾರು 11 ಬಿಲಿಯನ್ ಆಪಲ್ ಪ್ರಕರಣದ್ದು. ಕಳೆದರೆ ಉಳಿಯುವುದು 28.1. ನೋಟ್‌ಬುಕ್ಕಿನ ಮುಖ್ಯ ಕಾಲಂನಲ್ಲಿ 28.1 ಬರೆಯಿರಿ. 11 ಅನ್ನು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ.

ಆ ಪ್ರಕರಣ ಗೊತ್ತಿರಲಿ. 2016ರ ಆಗಸ್ಟ್ 30ರಂದು ಯುರೋಪಿಯನ್ ಕಮಿಷನ್ ಹೇಳಿತು: ಐರ್ಲೆಂಡ್ ಆಪಲ್‌ಗೆ ಕಾನೂನುಬಾಹಿರ ರಿಯಾಯಿತಿ ಕೊಟ್ಟಿದೆ, 13 ಬಿಲಿಯನ್ ಯೂರೊ ಮತ್ತು ಬಡ್ಡಿ ವಸೂಲಿ ಮಾಡಬೇಕು. ಕಮಿಷನ್ ಲೆಕ್ಕದಲ್ಲಿ 2014ರಲ್ಲಿ ಆಪಲ್‌ನ ಒಂದು ಐರಿಶ್ ಕಂಪನಿ ಯುರೋಪಿನ ಲಾಭಕ್ಕೆ ಕಟ್ಟಿದ ತೆರಿಗೆ ಶೇ. 0.005. ಐರ್ಲೆಂಡ್ ಸರ್ಕಾರ ದುಡ್ಡು ಬೇಡ ಅಂತ ಆಪಲ್ ಜೊತೆ ಸೇರಿ ಕೋರ್ಟಿಗೆ ಹೋಯಿತು. ತೆರಿಗೆ ದರದ ಬಗ್ಗೆ ಕೊಟ್ಟ ಮಾತು ಉಳಿದರೆ ಕಂಪನಿಗಳು ಉಳಿಯುತ್ತವೆ ಅನ್ನುವ ಲೆಕ್ಕ ಅದು. ದುಡ್ಡನ್ನು ಒಂದು ಎಸ್ಕ್ರೋ ಖಾತೆಯಲ್ಲಿ, ಅಂದರೆ ತೀರ್ಪು ಬರುವವರೆಗೆ ಇಬ್ಬರಿಗೂ ಸೇರದ ಖಾತೆಯಲ್ಲಿ, ಇಟ್ಟರು. 2020ರಲ್ಲಿ ಐರ್ಲೆಂಡ್ ಗೆದ್ದಿತು. 2024ರ ಸೆಪ್ಟೆಂಬರ್ 10ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತಿತು. ಸೋತ ಸರ್ಕಾರಕ್ಕೆ ಒಟ್ಟು ಸುಮಾರು 14 ಬಿಲಿಯನ್ ಸಿಕ್ಕಿತು, ಅದರಲ್ಲಿ 2024ರ ಲೆಕ್ಕಕ್ಕೆ ಸೇರಿದ್ದು ಮೇಲೆ ಹೇಳಿದ 11. ಅವತ್ತು ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇದರಲ್ಲಿ ಎಷ್ಟು ಮನೆ ಕಟ್ಟಬಹುದು?

ಕಟ್ಟಬಹುದು. ಮನೆ, ನೀರಿನ ಪೈಪು, ಕರೆಂಟ್ ಲೈನು, ಇವೆಲ್ಲ ಒಂದು ಸಲದ ಖರ್ಚು. ಒಂದು ಸಲದ ದುಡ್ಡಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ಅದೇ ದುಡ್ಡು ತೋರಿಸಿ ತೆರಿಗೆ ಇಳಿಸಿದರೆ ಮುಂದಿನ ವರ್ಷ ಆ ಜಾಗ ತುಂಬುವವರು ಯಾರು?

ಮಿಗತೆ ಅಂದಾಗ ಕಳೆಯಬೇಕಾದದ್ದು

ನಮ್ಮ ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಕೊಬ್ಬರಿ ಧಾರಣೆ ಒಂದು ವರ್ಷ ಏರಿದರೆ ಇನ್ನೊಂದು ವರ್ಷ ಪಾತಾಳಕ್ಕೆ. ಅಪ್ಪ ಎರಡು ಪುಸ್ತಕ ಇಟ್ಟಿದ್ದರು. ಒಂದರಲ್ಲಿ ಸಾಧಾರಣ ಧಾರಣೆ ಹಿಡಿದು ಮನೆ ಖರ್ಚು, ನಮ್ಮ ಶಾಲೆ ಫೀಸು, ಆಳಿನ ಕೂಲಿ. ಧಾರಣೆ ಏರಿದ ವರ್ಷ ಮೇಲೆ ಬಂದದ್ದು ಎರಡನೇ ಪುಸ್ತಕಕ್ಕೆ. ಬಾವಿ ತೋಡಿಸಿದ್ದು, ಅಕ್ಕನ ಮದುವೆ ಮಾಡಿದ್ದು ಎರಡನೇ ಪುಸ್ತಕದಿಂದ. ಅದರಿಂದ ಅಮ್ಮ ಒಂದು ಕೇಜಿ ಸಕ್ಕರೆ ಕೇಳಿದರೂ ಕೊಡುತ್ತಿರಲಿಲ್ಲ.

ಐರ್ಲೆಂಡಿನ ಅರ್ಥ ಇಲಾಖೆಗೂ ಈಗ ಎರಡನೇ ಪುಸ್ತಕ ಇದೆ. ಕಂಪನಿ ತೆರಿಗೆಯಲ್ಲಿ ಎಷ್ಟು ಭಾಗವನ್ನು ಇಲ್ಲಿನ ಆರ್ಥಿಕತೆ ವಿವರಿಸುತ್ತದೆ, ಎಷ್ಟು ಭಾಗ ಹಾಗೇ ಬಂದು ಬಿದ್ದದ್ದು ಅಂತ ಅದು ಅಂದಾಜು ಮಾಡುತ್ತದೆ. ಬಂದು ಬಿದ್ದದ್ದನ್ನು ವಿಂಡ್‌ಫಾಲ್ ಅನ್ನುತ್ತಾರೆ. ಸ್ಥೂಲವಾಗಿ ಅರ್ಧ. ಹಾಗಾಗಿ ಬಜೆಟ್ ದಿನ "ಇಷ್ಟು ಬಿಲಿಯನ್ ಮಿಗತೆ" ಅಂತ ಟಿವಿಯಲ್ಲಿ ಬಂದ ಕೂಡಲೇ ಆ ವರ್ಷದ ಕಂಪನಿ ತೆರಿಗೆಯ ಅರ್ಧ ತೆಗೆದುಕೊಂಡು ಅದರಲ್ಲಿ ಕಳೆಯಿರಿ. 2023ರ ಮಿಗತೆ ಸುಮಾರು 8 ಬಿಲಿಯನ್. ಕಂಪನಿ ತೆರಿಗೆಯ ಅರ್ಧ ಸುಮಾರು 12. ಕಳೆದರೆ ಕೈಯಲ್ಲಿ ಏನೂ ಇಲ್ಲ, ಕೊರತೆಯೇ ಇದೆ. ಇದು ಕಚ್ಚಾ ಲೆಕ್ಕ. ಆದರೆ ಇಲಾಖೆಯ ಸ್ವಂತ ಲೆಕ್ಕವೂ ಕೊರತೆಯ ಕಡೆಗೇ ತೋರಿಸುತ್ತದೆ.

ಇಷ್ಟು ಭಯ ಯಾಕೆ ಅಂತ ಕೇಳಬಹುದು. ನಿಮ್ಮ ಸಂಬಳದ ಚೀಟಿ ತೆಗೆಯಿರಿ. ಇಲ್ಲಿ ಕೆಲಸ ಮಾಡುವ ಬಹುತೇಕ ಎಲ್ಲರಿಗೂ ಅದರಲ್ಲಿ ಯುಎಸ್‌ಸಿ ಅಂತ ಒಂದು ಸಾಲು ಇರುತ್ತದೆ, ಯುನಿವರ್ಸಲ್ ಸೋಷಿಯಲ್ ಚಾರ್ಜ್. ಬಂದ ಹೊಸದರಲ್ಲಿ ಅದು ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ. ಅದರ ಹಿಂದೆ ಇಂಥದ್ದೇ ಒಂದು ಕಥೆ ಇದೆ. 2000ದ ದಶಕದಲ್ಲಿ ಇಲ್ಲಿ ಮನೆ, ಜಾಗದ ಬೆಲೆ ಹುಚ್ಚಾಪಟ್ಟೆ ಏರಿತು. ಹೆಚ್ಚಾಗಿ ಆ ಮಾರಾಟದಿಂದಲೇ ಉಬ್ಬಿದ ಸ್ಟಾಂಪ್ ಡ್ಯೂಟಿ 2006ರಲ್ಲಿ ಒಟ್ಟು 3.7 ಬಿಲಿಯನ್ ತಂದಿತು. ಸರ್ಕಾರ ಅದನ್ನು ಪ್ರತಿ ವರ್ಷ ಬರುವ ದುಡ್ಡು ಅಂತ ಹಿಡಿದು ಖರ್ಚು ಏರಿಸಿತು, ಇನ್‌ಕಂ ಟ್ಯಾಕ್ಸ್ ಇಳಿಸಿತು. 2009ಕ್ಕೆ ಅದು ಸುಮಾರು 1 ಬಿಲಿಯನ್‌ಗೆ ಬಿತ್ತು. ಬ್ಯಾಂಕುಗಳೂ ಬಿದ್ದವು. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಯೂನಿಯನ್ ಮತ್ತು ಐಎಂಎಫ್ ಜೊತೆ 85 ಬಿಲಿಯನ್‌ನ ನೆರವಿನ ಒಪ್ಪಂದವಾಯಿತು. 2011ರ ಜನವರಿ 1ರಿಂದ ಯುಎಸ್‌ಸಿ ಬಂತು. ಇವತ್ತಿಗೂ ಇದೆ. ಸರ್ಕಾರಿ ನೌಕರರ ಸಂಬಳ ಕಡಿದರು, ನಿರುದ್ಯೋಗ ಶೇ. 15ರ ಸುತ್ತ ಹೋಯಿತು. ನನ್ನ ಪಕ್ಕದ ಟೇಬಲ್ಲಿನ ಐರಿಶ್ ಗೆಳತಿಯ ಇಬ್ಬರು ಅಣ್ಣಂದಿರು ಆಗ ಆಸ್ಟ್ರೇಲಿಯಾಕ್ಕೆ ಹೋದವರು ಇನ್ನೂ ವಾಪಸ್ ಬಂದಿಲ್ಲ. ಅವಳು ನವೆಂಬರ್ ಲೆಕ್ಕವನ್ನು ನನಗಿಂತ ಗಮನವಿಟ್ಟು ಓದುತ್ತಾಳೆ.

ಸರ್ಕಾರ ಈ ಸಲ ಏನೂ ಮಾಡಿಲ್ಲ ಅಂತಲ್ಲ. 2024ರಲ್ಲಿ ಕಾನೂನು ಮಾಡಿ ಎರಡು ನಿಧಿ ಶುರು ಮಾಡಿತು. ಫ್ಯೂಚರ್ ಐರ್ಲೆಂಡ್ ಫಂಡ್‌ಗೆ 2035ರವರೆಗೆ ವರ್ಷಕ್ಕೆ ಜಿಡಿಪಿಯ ಶೇ. 0.8 ಹೋಗಬೇಕು. ಮೂಲಸೌಕರ್ಯ ಮತ್ತು ಹವಾಮಾನಕ್ಕೆ ಇನ್ನೊಂದು ನಿಧಿ, ಅದಕ್ಕೆ 2025ರಿಂದ 2030ರವರೆಗೆ ವರ್ಷಕ್ಕೆ 2 ಬಿಲಿಯನ್. ನಿಮ್ಮ ನೋಟ್‌ಬುಕ್ಕಿನಲ್ಲಿ ಇದಕ್ಕೂ ಒಂದು ಕಾಲಂ ಇರಲಿ. ಬಂದು ಬಿದ್ದದ್ದೆಷ್ಟು, ನಿಧಿಗೆ ಹೋದದ್ದೆಷ್ಟು. ಇವೆರಡರ ನಡುವಿನ ವ್ಯತ್ಯಾಸ ಎಲ್ಲಿ ಹೋಯಿತು ಅನ್ನುವುದೇ ನಾವು ಕೇಳಬೇಕಾದ ಪ್ರಶ್ನೆ. ನನ್ನ ಲೆಕ್ಕದಲ್ಲಿ ನಿಧಿಗೆ ಹೋಗುತ್ತಿರುವುದು ಸಾಲದು.

ಜಿಡಿಪಿ ಬಿಟ್ಟು ಇನ್ನೊಂದು ಅಳತೆ

ಇದು ಚಿಕ್ಕ ವಿಷಯ, ಆದರೆ ಬಿಡಬೇಡಿ. ಐರ್ಲೆಂಡಿನ ಯಾವುದನ್ನೇ ಆಗಲಿ ಜಿಡಿಪಿಯ ಶೇಕಡಾವಾರು ಅಂತ ಹೇಳಿದರೆ ಅನುಮಾನ ಪಡಿ. ಕಂಪನಿಗಳ ಲಾಭದಿಂದ ಜಿಡಿಪಿ ಊದಿಕೊಂಡಿದೆ. ಇಲ್ಲಿನ ಅಂಕಿ ಅಂಶ ಕಚೇರಿ 2017ರಿಂದ ಜಿಎನ್‌ಐ ಸ್ಟಾರ್ ಅನ್ನುವ, ಆ ಊತವನ್ನು ಬಹುಮಟ್ಟಿಗೆ ತೆಗೆದ ಬೇರೆ ಅಳತೆ ಕೊಡುತ್ತಿದೆ. 2023ರಲ್ಲಿ ಜಿಡಿಪಿ 500 ಬಿಲಿಯನ್ ಯೂರೊ ಸುತ್ತಮುತ್ತ, ಜಿಎನ್‌ಐ ಸ್ಟಾರ್ 300ರ ಆಸುಪಾಸು. ಸರ್ಕಾರದ ಸಾಲವನ್ನು ಮೊದಲನೆಯದಕ್ಕೆ ಹೋಲಿಸಿದರೆ ಶೇ. 40 ಚಿಲ್ಲರೆ, ಎರಡನೆಯದಕ್ಕೆ ಹೋಲಿಸಿದರೆ ಶೇ. 70 ದಾಟುತ್ತದೆ. ಎರಡನೆಯದನ್ನೇ ಬರೆದುಕೊಳ್ಳಿ.

ಬಾಗಿಲಿಗೆ ಬಂದವರಿಗೆ ಏನು ಕೇಳಬೇಕು

ಇಲ್ಲಿ ಚುನಾವಣೆಗೆ ನಿಂತವರು ಮನೆ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ. ಸಂಸತ್ತಿನ ಚುನಾವಣೆಗೆ ಓಟು ಹಾಕಲು ಐರಿಶ್ ಅಥವಾ ಬ್ರಿಟಿಷ್ ಪೌರತ್ವ ಬೇಕು. ಆದರೆ ಸ್ಥಳೀಯ ಕೌನ್ಸಿಲ್ ಚುನಾವಣೆಗೆ ಇಲ್ಲಿ ವಾಸ ಇದ್ದು, ಪಟ್ಟಿಯಲ್ಲಿ ಹೆಸರು ಇದ್ದರೆ ಸಾಕು. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಾನು 2019ರಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಓಟು ಹಾಕಿದ್ದೆ.

ಹಾಗಾಗಿ ಬಾಗಿಲು ತೆಗೆದು ಒಂದು ಪ್ರಶ್ನೆ ಕೇಳಿ. "ನೀವು ಹೇಳುತ್ತಿರುವ ಖರ್ಚು ಪ್ರತಿ ವರ್ಷದ್ದಾ, ಒಂದು ಸಲದ್ದಾ? ಪ್ರತಿ ವರ್ಷದ್ದಾದರೆ ಯಾವ ತೆರಿಗೆಯಿಂದ?" 2024ರ ನವೆಂಬರ್‌ನಲ್ಲಿ, ಸಾರ್ವತ್ರಿಕ ಚುನಾವಣೆಗೆ ಮುಂಚೆ, ನಮ್ಮ ಬಾಗಿಲಿಗೆ ಬಂದ ಮೂವರಿಗೆ ಕೇಳಿದೆ. ಇಬ್ಬರು "ಮಿಗತೆ ಇದೆಯಲ್ಲ" ಅಂದರು. ಒಬ್ಬರು ಮಾತ್ರ ಚಳಿಯಲ್ಲಿ ನಿಂತುಕೊಂಡೇ ಹತ್ತು ನಿಮಿಷ ಮಾತಾಡಿದರು. ಅವರಿಗೆ ನನ್ನ ನೋಟ್‌ಬುಕ್ ತೋರಿಸಿದೆ. ನವೆಂಬರ್ ಕಾಲಂ ನೋಡಿ, "ನಾನೂ ಇದಕ್ಕೇ ಕಾಯ್ತಿದ್ದೇನೆ" ಅಂದರು.

ಇನ್ನೊಂದು ಕಾಲಂ

ಶೇ. 12.5 ಈಗ ಎಲ್ಲರಿಗೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಐರ್ಲೆಂಡ್ ಜಾಗತಿಕ ಒಪ್ಪಂದಕ್ಕೆ ಸೇರಿತು. ವರ್ಷಕ್ಕೆ 750 ಮಿಲಿಯನ್ ಯೂರೊ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿ ಗುಂಪುಗಳಿಗೆ 2024ರ ಜನವರಿಯಿಂದ ಕನಿಷ್ಠ ಶೇ. 15. ವ್ಯತ್ಯಾಸದ ಟಾಪ್-ಅಪ್ ತೆರಿಗೆಯ ಮೊದಲ ಪಾವತಿಗೆ ಗಡುವು 2026ರ ಜೂನ್. ಆ ಜೂನ್‌ನ ಅಂಕಿಯನ್ನು 2025ರ ಜೂನ್ ಜೊತೆ ಹಾಗೇ ಹೋಲಿಸಬೇಡಿ. ನಡುವೆ ಹೊಸ ತೆರಿಗೆ ಸೇರಿಕೊಂಡಿರುತ್ತದೆ. ಅದನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಕಳೆದು ನೋಡಿ, ಆಮೇಲೆ ಹೋಲಿಸಿ. ನನ್ನ ನೋಟ್‌ಬುಕ್ಕಿನಲ್ಲಿ ಆ ಕಾಲಂ ಗೆರೆ ಹಾಕಿ ಇಟ್ಟಿದ್ದೇನೆ.

ಹಾಸನದವರು ಆಮೇಲೆ ಆಡಮ್ಸ್‌ಟೌನ್‌ನಲ್ಲಿ ಮನೆ ಕೊಂಡರು. ಮೊದಲಿನದಕ್ಕಿಂತ ಚಿಕ್ಕದು, ಬೆಲೆ ಜಾಸ್ತಿ. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು. ಈಗ ನಾನು ಗುಂಪಿಗೆ ತೆರಿಗೆಯ ಸಂದೇಶ ಹಾಕುವುದು ವರ್ಷಕ್ಕೆ ಒಂದೇ ಸಲ, ಡಿಸೆಂಬರ್ ಮೊದಲ ವಾರ. ಎರಡೇ ಸಾಲು: ಆ ವರ್ಷದ ನವೆಂಬರ್‌ವರೆಗಿನ ಮೊತ್ತ, ಒಂದು ಸಲದ್ದು ಕಳೆದು. ಅದರ ಕೆಳಗೆ, ರೆವಿನ್ಯೂ ಕೊಟ್ಟ ಕೊನೆಯ ವರದಿಯಲ್ಲಿರುವ ಮೊದಲ ಹತ್ತು ಕಂಪನಿಗಳ ಪಾಲು.